ತಮ್ಮನ ಹೆಂಡತಿಗೆ ಹೇಳಬೇಕಾಗಿದ್ದ ಮಾತು

ನನ್ನ ತಮ್ಮ ಸತ್ತದ್ದು ನಮ್ಮ ತೋಟದಲ್ಲಿ, ಮೆಣಸು ಕುಯ್ಯುವಾಗ. ಗೋಣಿಕೊಪ್ಪಲಿನ ಹತ್ತಿರ ನಮಗಿರುವುದು ಚಿಕ್ಕ ಕಾಫಿ ತೋಟ. ಆ ವಾರ ಆಳು ಸಿಗಲಿಲ್ಲವೆಂದು ನಾನೇ ಫೋನ್ ಮಾಡಿ ಅವನನ್ನು ಕುಶಾಲನಗರದ ಕಡೆಯಿಂದ ಕರೆಸಿಕೊಂಡಿದ್ದೆ. ಅವನು ಬಿದಿರಿನ ಏಣಿ ಎತ್ತಿಕೊಂಡಾಗ, ಅಷ್ಟು ಭಾರ ಯಾಕೆ ಹೊರುತ್ತೀಯ, ಅಲ್ಯೂಮಿನಿಯಂ ಏಣಿ ತಗೋ ಎಂದವಳೂ ನಾನೇ. ಒಂದು ಮರದಿಂದ ಇನ್ನೊಂದಕ್ಕೆ ಸಾಗಿಸುವಾಗ ಅದು ಮೇಲಿನ ಕರೆಂಟ್ ತಂತಿಗೆ ತಾಗಿತು. ನಾನು ಕಾಫಿ ತೆಗೆದುಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಏಣಿಯ ವಿಷಯ ಯಾರಿಗೂ ಹೇಳಲಿಲ್ಲ. ತಿಥಿಗೆ ಬಂದವರು ಅವನ ಆಯಸ್ಸೇ ಅಷ್ಟು ಎಂದಾಗ ತಲೆಯಾಡಿಸಿದೆ. ಕಣ್ಣೀರು ಬರಲಿಲ್ಲ, ಬಂದದ್ದು ಸಿಟ್ಟು. ತಂತಿ ಜೋತುಬಿದ್ದಿದ್ದನ್ನು ನೋಡಿಯೂ ಸುಮ್ಮನಿದ್ದ ಗಂಡನ ಮೇಲೆ, ಬಾರದ ಆಳುಗಳ ಮೇಲೆ, ಕರೆದ ಕೂಡಲೇ ಓಡಿಬಂದ ತಮ್ಮನ ಮೇಲೂ. ಫೋನಿನಲ್ಲಿ ಅವನ ಹೆಂಡತಿಯ ಹೆಸರು ಕಂಡರೂ ಎಷ್ಟೋ ಸಲ ಎತ್ತದೆ ಬಿಟ್ಟೆ. ಎತ್ತಿದ ದಿನ, ಊಟ ಬಿಡಬೇಡ ಎಂದು ಅವಳೇ ನನಗೆ ಧೈರ್ಯ ಹೇಳುತ್ತಿದ್ದಳು. ಅದನ್ನು ಕೇಳುವುದು ಎಲ್ಲಕ್ಕಿಂತ ಕಷ್ಟವಾಗಿತ್ತು.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ, ಕೆಡಿಸಿದೆ. ಬಸ್ ಬದಲಿಸಲು ಸಿದ್ದಾಪುರದಲ್ಲಿ ಇಳಿದಾಗ ವಾಪಸು ಹೋಗಿಬಿಡೋಣ ಎನ್ನಿಸಿತು, ಆದರೂ ಕುಶಾಲನಗರದ ಬಸ್ ಹತ್ತಿದೆ.

ಅವಳು ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಬಿಸಿಲಲ್ಲಿ ಬಂದೆಯಲ್ಲಕ್ಕ ಎಂದು ನೀರು ತರಲು ಎದ್ದವಳನ್ನು ತಡೆದೆ. ನಿಂತೇ ಹೇಳಿದೆ.

"ಆ ಏಣಿ ಕೊಟ್ಟಿದ್ದು ನಾನು ಕಣೇ. ಅವನು ಬಿದಿರಿಂದೇ ತಗೊಂಡಿದ್ದ. ನಾನೇ ಬೇಡ ಅಂದೆ."

ಅವಳು ಮೊರವನ್ನು ಕೆಳಗಿಟ್ಟಳು. ಬೈಯಲಿ, ಬೇಕಾದರೆ ಎರಡು ಹೊಡೆಯಲಿ ಎಂದು ಕಾದೆ. ಅವಳ ದನಿ ಏರಲೇ ಇಲ್ಲ.

"ಇಷ್ಟ್ ದಿನ ಇದನ್ನ ಒಳಗಿಟ್ಕಂಡು ನನ್ ಹತ್ರ ಸಮಾಧಾನ ಹೇಳಿಸ್ಕಂಡ್ಯಾ? ಈಗ ಹೋಗಕ್ಕ. ನಾನಾಗೇ ಕರೆಯೋ ತನಕ ಬರಬೇಡ."

ಹಿಂದಿರುಗುವ ಬಸ್ಸಿನಲ್ಲಿ ಮೊದಲ ಸಲ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯಿತೆಂದು ಕೇಳಿದಾಗ, ತಮ್ಮ ಹೋದ ಎಂದೆ. ಅದಕ್ಕಿಂತ ಮುಂಚೆ ಆ ಎರಡು ಪದ ನನ್ನ ಬಾಯಿಂದ ಬಂದಿರಲಿಲ್ಲ. ಸಂಜೆ ಗಂಡನಿಗೂ ಎಲ್ಲ ಹೇಳಿದೆ. ತಂತಿಯ ಬಗ್ಗೆ ದೂರು ಕೊಡಬೇಕಿತ್ತೆಂದು ಅವರೂ ಒಳಗೊಳಗೇ ಬೇಯುತ್ತಿದ್ದರಂತೆ.

ಅವಳು ಮಳೆಗಾಲ ಮುಗಿಯುವವರೆಗೂ ಕರೆಯಲಿಲ್ಲ. ಪ್ರತಿದಿನ ಫೋನ್ ನೋಡುತ್ತಿದ್ದೆ, ನಾನಾಗಿ ಮಾಡುವ ಧೈರ್ಯವಿರಲಿಲ್ಲ. ಕೊನೆಗೆ ಒಂದು ಭಾನುವಾರ, ಬಾ ಅಂದಳು. ಹೋದೆ. ಅಡುಗೆಮನೆಯಲ್ಲಿ ನನ್ನ ಕಡೆ ನೋಡದೆಯೇ ಮಾತು ತೆಗೆದಳು.

"ಕೆಲವು ದಿನ ನಿನ್ ಮುಖ ನೆನೆಸ್ಕಂಡ್ರೂ ಮೈ ಉರಿಯುತ್ತೆ. ಕೆಲವು ದಿನ ನೀನೊಬ್ಳೇ ಬೇಕು ಅನ್ಸುತ್ತೆ. ಅವರನ್ನ ಎತ್ತಾಡ್ಸಿ ಬೆಳೆಸ್ದೋಳು ನೀನಲ್ವಾ."

ಇವತ್ತು ಆ ಎರಡರಲ್ಲಿ ಯಾವ ದಿನ ಎಂದು ನಾನು ಕೇಳಲಿಲ್ಲ. ಅವಳು ಎರಡು ತಟ್ಟೆ ಹಾಕಿದಳು. ಜೊತೆಗೆ ಕೂತು ಉಂಡೆವು.