ಮರ ಹತ್ತುವ ಮುಂಚಿನ ಕೂಗು

ಹೊಳೆನರಸೀಪುರದ ಪೇಟೆಯ ಹಿಂದಿನ ಓಣಿಗೆ ಇನ್ನೂ ಪೂರ್ತಿ ಬೆಳಕು ಇಳಿದಿಲ್ಲ. ಹೇಮಾವತಿ ಹೊಳೆಯ ಕಡೆಯಿಂದ ಬಂದ ಮಂಜು ಹಿತ್ತಲ ಗೋಡೆಗಳ ಮೇಲೆ ಹಾಗೇ ಕೂತಿದೆ. ಒಂದು ಮನೆಯ ಹಿಂಬಾಗಿಲ ಎದುರು ಸಣ್ಣಕ್ಕ ನಿಲ್ಲುತ್ತಾಳೆ. ತಲೆಯ ಮೇಲಿನ ಮಂಕರಿ ಇಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಾಳೆ.

“ಮರ ಅತ್ತೀವಿ ಕಣ್ರವ್ವೋ... ಇತ್ಲಲ್ಲಿರೋರು ಒಳೀಕೋಗ್ರವ್ವೋ...”

ಇದು ಹೆದರಿಸುವ ಕೂಗೂ ಅಲ್ಲ, ಬೇಡುವ ಕೂಗೂ ಅಲ್ಲ. ಬಿಂದಿಗೆ ಇಟ್ಟ ಸದ್ದು, ಓಡುವ ಕಾಲಿನ ಸದ್ದು, ಕದ ಎಳೆದ ಸದ್ದು ಒಂದಾದ ಮೇಲೊಂದು ಕೇಳುತ್ತವೆ. ಎಲ್ಲ ಅಡಗಿದ ಮೇಲೆ ಇನ್ನೊಮ್ಮೆ ಕೂಗುತ್ತಾಳೆ, ಅಕ್ಕಪಕ್ಕದ ಹಿತ್ತಲಿಗೆ ಕೇಳಲೆಂದು ಮತ್ತೊಮ್ಮೆ. ಆಮೇಲಷ್ಟೇ ಗಂಡನ ಕಡೆ ತಿರುಗಿ ತಲೆಯಾಡಿಸುತ್ತಾಳೆ. ಅಲ್ಲಿಯವರೆಗೆ ನೆಲ ನೋಡುತ್ತ ನಿಂತಿದ್ದ ದ್ಯಾವಯ್ಯ ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ತೆಂಗಿನ ಮರವನ್ನು ತಬ್ಬುತ್ತಾನೆ.

ತೆಂಗಿನ ತುದಿಯಿಂದ ಊರಿನ ಹಿತ್ತಲುಗಳೆಲ್ಲ ಕಾಣುತ್ತವೆ. ಬಾವಿಕಟ್ಟೆ, ಸೂರಿಲ್ಲದ ಬಚ್ಚಲು, ಹೆಂಗಸರು ತಲೆ ಒಣಗಿಸಿಕೊಳ್ಳುವ ಜಗಲಿ. ಅದಕ್ಕೇ ಮರ ಹತ್ತುವವನು ಮೊದಲು ಕೂಗಿ ಹೇಳಬೇಕೆಂಬುದು ಈ ಕಡೆಯ ನಡವಳಿಕೆ. ಹತ್ತುವವನೇ ಕೂಗುವುದು ಎಲ್ಲೆಲ್ಲೂ ಇರುವ ರೂಢಿ. ಗಂಡ ಹತ್ತುವುದಕ್ಕೆ ಹೆಂಡತಿ ಬಂದು ಕೂಗುವುದು ತಾಲ್ಲೂಕಿನಲ್ಲೆಲ್ಲ ಇವರೊಬ್ಬರದೇ.

“ನಿನ್ ಗಂಡ್ನಿಗೆ ನೀನೇ ಡಂಗುರದೋಳು ಕಣಕ್ಕ. ಒಂದು ತಮಟೆ ತಕ್ಕೊಂಬುಡು,” ಎಂದು ಪಕ್ಕದ ಗುಡಿಸಲಿನ ಲಕ್ಕಮ್ಮ ಛೇಡಿಸುತ್ತಾಳೆ. ಸಣ್ಣಕ್ಕ ನಗುತ್ತಾಳೆ, ಆದರೆ ಹಲ್ಲು ಕಾಣುವಷ್ಟು ನಗುವುದಿಲ್ಲ.

ದ್ಯಾವಯ್ಯನಿಗೆ ವಾರವೆಲ್ಲ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಕೆಲಸ. ಸಣ್ಣಕ್ಕ ನಾಲೆಯ ಬಯಲಿನಲ್ಲಿ ನಾಟಿಗೋ ಕಳೆಗೋ ಹೋಗುತ್ತಾಳೆ. ಎರಡು ಕೂಲಿ ಸೇರಿದರೂ ಮನೆಗೆ ಸಾಲದು. ಗಿರಣಿಗೆ ರಜೆ ಇರುವುದು ಭಾನುವಾರ ಮಾತ್ರ. ಶುಕ್ರವಾರ ಲಕ್ಷ್ಮಿಯ ದಿನವೆಂದು ಯಾರೂ ಮರ ಮುಟ್ಟಗೊಡುವುದಿಲ್ಲ, ಅಮಾವಾಸ್ಯೆಯೂ ಆಗದು. ಹೀಗಾಗಿ ಭಾನುವಾರ ಅಮಾವಾಸ್ಯೆ ಬಿದ್ದರೆ ಮುಂದಿನ ಭಾನುವಾರದವರೆಗೆ ಕತ್ತಿ ಸೂರಿಗೆ ಸಿಕ್ಕಿಸಿಯೇ ಇರುತ್ತದೆ.

ಕೆಲಸ ಹುಡುಕುವುದು ಸಣ್ಣಕ್ಕನ ಪಾಲು. ಶನಿವಾರ ಸಂಜೆ ಗದ್ದೆಯಿಂದ ಬಂದವಳು ಕೈಕಾಲಿನ ಕೆಸರು ತೊಳೆದು ಬೀದಿ ಹಿಡಿಯುತ್ತಾಳೆ. ಮುಖ ಮೇಲೆತ್ತಿ ನಡೆಯುತ್ತಾಳೆ. ಒಣಗರಿ ಜೋತುಬಿದ್ದ ಮರ, ಕಾಯಿ ಕಟ್ಟದ ಮರ, ಎಳೆಗರಿಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುವ ಮರ ಎಲ್ಲಿದೆಯೆಂದು ನೋಡುತ್ತಾಳೆ. ಗರಿ ಹಾಗೆ ಕತ್ತರಿಸಿದೆಯೆಂದರೆ ಕೊಂಬಿನ ದುಂಬಿ ಸುಳಿ ಕೊರೆಯುತ್ತಿದೆ ಎಂದು ಅರ್ಥ. ಆ ಮನೆಯ ಹಿಂಬಾಗಿಲಿಗೆ ಹೋಗಿ ದೂರದಲ್ಲಿ ನಿಂತು ಹೇಳುತ್ತಾಳೆ. ಕೆಲವರು ಬಾ ಎನ್ನುತ್ತಾರೆ. ಕೆಲವರು ನೀನ್ಯಾವಳೇ ನಮ್ಮ ಮರ ನೋಡೋಕೆ ಅನ್ನುತ್ತಾರೆ.

ಒಂದು ಭಾನುವಾರ ಆರೇಳು ಮರ ಸಿಕ್ಕರೆ ಒಳ್ಳೆಯ ದಿನ. ದ್ಯಾವಯ್ಯ ಒಣಗರಿ ಕೊಯ್ದು, ಸುಳಿಯ ಕಸ ತೆಗೆದು, ಕೊಕ್ಕೆ ತಂತಿ ತೂರಿಸಿ ದುಂಬಿಯನ್ನು ಹೊರಗೆಳೆಯುತ್ತಾನೆ. ಕೆಳಗೆ ಸಣ್ಣಕ್ಕ ಮರಳಿಗೆ ಉಪ್ಪು, ಬೇವಿನ ಹಿಂಡಿ ಬೆರೆಸಿ ಬಟ್ಟೆಯ ಚೀಲಕ್ಕೆ ತುಂಬಿ ಹಗ್ಗಕ್ಕೆ ಕಟ್ಟುತ್ತಾಳೆ. ಅವನು ಅದನ್ನು ಮೇಲೆಳೆದುಕೊಂಡು ಗರಿಯ ಸಂದುಗಳಿಗೆಲ್ಲ ತುಂಬುತ್ತಾನೆ. ಕೂಲಿ ಹತ್ತಿದವನಿಗೆ. ಕೂಗಿದವಳಿಗೆ, ಹಿಂಡಿ ಕಲಸಿದವಳಿಗೆ, ಅಂಗಳ ಗುಡಿಸಿದವಳಿಗೆ ಕೆಳಗೆ ಬಿದ್ದ ಒಣಗರಿ. ಅದನ್ನು ಮನೆಗೆ ಎಳೆದುಕೊಂಡು ಹೋಗಿ, ನೆನೆಹಾಕಿ, ತಡಿಕೆ ಹೆಣೆದು ಮಾರುತ್ತಾಳೆ. ಕೊಳ್ಳುವವರೂ ಇದೇ ಬೀದಿಯವರು.

ಮೂರು ವರ್ಷದ ಹಿಂದೆ, ಅರವತ್ತೊಂದನೇ ಇಸವಿಯಲ್ಲಿ, ದ್ಯಾವಯ್ಯ ಒಬ್ಬನೇ ಬರುತ್ತಿದ್ದ, ತಾನೇ ಕೂಗುತ್ತಿದ್ದ. ಆ ಸುಗ್ಗಿಯಲ್ಲಿ ಗಿರಣಿ ಹಗಲಿರುಳು ಓಡಿ, ತೌಡಿನ ದೂಳು ಕುಡಿದು ಅವನ ಗಂಟಲು ಕಟ್ಟಿತ್ತು. ಭಾನುವಾರ ಧಾನ್ಯದ ವ್ಯಾಪಾರಿ ಚಂದ್ರಶೇಖರಯ್ಯನವರ ಹಿತ್ತಲಿಗೆ ಬಂದ. ಕೂಗಿದ. ಯಾರ ದನಿಯೂ ಕೇಳದಿದ್ದಾಗ ಎಲ್ಲರೂ ಒಳಗಿದ್ದಾರೆಂದುಕೊಂಡು ಹತ್ತಿದ. ಸುಳಿಯಲ್ಲಿ ಕೈಯಿಟ್ಟಿದ್ದಾಗ ಕೆಳಗೆ ಚೀರಾಟ ಕೇಳಿತು. ಆ ಮನೆಯ ಹೊಸ ಸೊಸೆ ತಡಿಕೆ ಕಟ್ಟಿದ ಬಚ್ಚಲಿನಲ್ಲಿ ಮೀಯುತ್ತಿದ್ದವಳು ತಲೆಯೆತ್ತಿ ಮರದಲ್ಲಿ ಗಂಡಸನ್ನು ಕಂಡಿದ್ದಳು.

ಆಮೇಲೆ ಆದದ್ದನ್ನು ದ್ಯಾವಯ್ಯ ಹೇಳುವುದಿಲ್ಲ, ಸಣ್ಣಕ್ಕ ಹೇಳುತ್ತಾಳೆ. ಮೇಲಿಂದ ಇಳಿಯಕೂಡದು ಎಂದರಂತೆ. ಬೀದಿಯ ಗಂಡಸರೆಲ್ಲ ಸೇರುವವರೆಗೆ ಮರದ ತುದಿಯಲ್ಲೇ ಕಣ್ಣು ಮುಚ್ಚಿಕೊಂಡು ಅಪ್ಪಿ ಹಿಡಿದಿರಬೇಕಾಯಿತಂತೆ. ಇಳಿದು ಬಂದವನ ಕತ್ತಿ ಕಿತ್ತುಕೊಂಡರು. ಕೂಗ್ದೆ ಬುದ್ಧಿ, ಕೂಗೇ ಅತ್ತಿದ್ದು ಎಂದು ಅವನು ಅಷ್ಟನ್ನೇ ಹೇಳಿದ. ಯಾರು ಕೇಳಿದಿರಿ ಎಂದು ಆ ಮನೆಯ ಯಜಮಾನಿ ನಂಜಮ್ಮ ಸುತ್ತ ನೋಡಿದರು. ಯಾರೂ ಕೇಳಿರಲಿಲ್ಲ.

“ಆ ಬಚ್ಚಲ ತಡಿಕೆ ಎಣ್ದಿದ್ದು ನಾನೇಯ,” ಎನ್ನುತ್ತಾಳೆ ಸಣ್ಣಕ್ಕ. “ಸುತ್ತ ಸಂದಿಲ್ದಂಗೆ ಎಣ್ಕೊಟ್ಟಿದ್ದೆ. ಮ್ಯಾಲಕ್ಕೆ ಮುಚ್ಚೋಕೆ ಅವ್ರು ಏಳಿರ್ನಿಲ್ಲ.”

ಬೀದಿಯ ಬಾಗಿಲುಗಳೆಲ್ಲ ಒಟ್ಟಿಗೆ ಮುಚ್ಚಿದವು. ಭಾನುವಾರದ ಕೆಲಸ ಹುಡುಕಿಕೊಂಡು ಗಂಡಹೆಂಡಿರು ಊರೂರು ಸುತ್ತಿದರು. ಅರಕಲಗೂಡಿನ ದಾರಿಯಲ್ಲಿ ತೋಟಗಳಿದ್ದವು, ಅಲ್ಲಿನವರಿಗೆ ತಮ್ಮ ಆಳುಗಳೇ ಇದ್ದರು. ಚನ್ನರಾಯಪಟ್ಟಣಕ್ಕೆ, ನುಗ್ಗೇಹಳ್ಳಿಗೆ ಬಸ್ಸಿನಲ್ಲಿ ಹೋದರು. ತೆಂಗು ಬೇಕಾದಷ್ಟಿತ್ತು, ಹತ್ತುವವರೂ ಬೇಕಾದಷ್ಟಿದ್ದರು. ಒಂದು ತೋಟದವನು ಕೆಲಸ ಕೊಟ್ಟ. ಕೂಲಿ ಹೋಗಿಬರುವ ಬಸ್ಸಿಗೆ ಸರಿಹೋಯಿತು. ಸಣ್ಣಕ್ಕನ ತವರು ಹರದನಹಳ್ಳಿಯ ಕಡೆ ಹೋದರೆ ಅಲ್ಲಿಗೆ ಸುದ್ದಿ ಇವರಿಗಿಂತ ಮೊದಲೇ ತಲುಪಿತ್ತು. ಅಣ್ಣ ಗಂಗಯ್ಯನೇ ತಂಗಿಯನ್ನು ಬದಿಗೆ ಕರೆದು, ನಿಜ ಏಳವ್ವ, ಕೂಗಿದ್ನಾ ಎಂದು ಕೇಳಿದ.

ಆ ಮಾತು ಅವಳಿಗೆ ಬೀದಿಯವರ ಮಾತಿಗಿಂತ ಹೆಚ್ಚು ಚುಚ್ಚಿತು. ಅಂದು ದಾರಿಯಲ್ಲಿ ಬರುತ್ತಾ ಗಂಡನಿಗೆ ಹೇಳಿದಳು, ಇನ್ನು ಮೇಲೆ ನಾನು ಕೂಗ್ತೀನಿ ಎಂದು. ಹೆಂಗಸಿನ ದನಿ ಕೇಳಿದರೆ ಹಿತ್ತಲಿನವರು ಹೆದರುವುದಿಲ್ಲ ಎಂಬುದು ಅವಳ ಲೆಕ್ಕ. ಅದು ಸುಳ್ಳಾಗಲಿಲ್ಲ. ಪೇಟೆಯ ಹಿಂದಿನ ಓಣಿಯಲ್ಲಿ ಒಂದೊಂದೇ ಮನೆ ಮತ್ತೆ ಕರೆಯಿತು. ದ್ಯಾವಯ್ಯ ಮಾತ್ರ ಅಂದಿನಿಂದ ಮರದ ಬುಡದಲ್ಲಿ ಬಾಯಿ ತೆರೆದಿಲ್ಲ.

ಚಂದ್ರಶೇಖರಯ್ಯನವರ ಮನೆ ಕರೆದಿರಲಿಲ್ಲ. ಈ ಶುಕ್ರವಾರ ಕರೆದಿದೆ. ಅವರ ಹಿತ್ತಲಿನ ಮರಗಳಲ್ಲಿ ತುಂಬ ಕಾಯಿ ಬಿಡುವ ಮರವೇ ಸುಳಿ ಬಾಡಿ ಬಾಗಿದೆ. ಬೇರೆ ಇಬ್ಬರು ಹತ್ತಿ ಇಳಿದರೂ ದುಂಬಿ ಸಿಕ್ಕಿಲ್ಲ. ಹೇಳಿಕಳಿಸಿದ ಮಾತು ಕೇಳಿದಾಗಿನಿಂದ ಸಣ್ಣಕ್ಕನಿಗೆ ಸರಿಯಾಗಿ ನಿದ್ದೆಯಿಲ್ಲ. ಕೂಲಿಯ ಯೋಚನೆಯಲ್ಲ. ಅವನು ಅವತ್ತು ಕೂಗಿದ್ದ ಎಂಬ ಒಂದು ಮಾತು ಆ ಮನೆಯವರ ಬಾಯಿಂದ ಬರಬೇಕು. ಬಂದರೆ ಬೀದಿ ನಂಬುತ್ತದೆ, ಅಣ್ಣ ನಂಬುತ್ತಾನೆ.

ಬೆಳಗಿನ ಮಂಜಿನಲ್ಲಿ ಕೂಗಿದ ಇದೇ ಭಾನುವಾರದ ಎರಡನೆಯ ಮನೆ ಅದು. ಬಿಸಿಲು ಗೋಡೆ ಏರಿದೆ. ಹಿತ್ತಲ ಬಾಗಿಲಲ್ಲಿ ನಂಜಮ್ಮ ನಿಂತಿದ್ದಾರೆ. ದ್ಯಾವಯ್ಯ ಮರದ ಬುಡದಲ್ಲಿ, ಅದೇ ಜಾಗದಲ್ಲಿ, ನೆಲ ನೋಡುತ್ತಿದ್ದಾನೆ. ಸಣ್ಣಕ್ಕ ಮಂಕರಿ ಇಳಿಸುತ್ತಾಳೆ, ಆದರೆ ಕೂಗುವುದಿಲ್ಲ.

“ಅವ್ವಾರೆ, ಅವತ್ತು ನಮ್ಮೆಜಮಾನ ಕೂಗೇ ಅತ್ತಿದ್ದು. ನೀವು ಒಂದು ಮಾತು ಅಂದ್ಬುಟ್ರೆ...”

“ಆಗಿಹೋದದ್ದು ಈಗ್ಯಾಕೆ ಸಣ್ಣಿ? ನಾವೇ ಮರೆತು ಕರೆದಿಲ್ಲವಾ. ಕೂಗಿ ಹತ್ತಿಸು.”

“ಅಂಗಾದ್ರೆ ಇವತ್ತು ನೀವೇ ಕೂಗಿ ಅವ್ವಾರೆ. ನಿಮ್ ಬಾಯಲ್ಲೇ ಬಂದ್ರೆ ನಾಳೀಕೆ ಯಾರೂ ಕೂಗ್ನಿಲ್ಲ ಅನ್ನೋಕಾಗಲ್ಲ.”

ನಂಜಮ್ಮನಿಗೆ ಇದು ಹಿಡಿಸಿಲ್ಲ. ಬಾಡಿದ ಸುಳಿಯನ್ನೊಮ್ಮೆ, ಕದಲದೆ ನಿಂತ ದ್ಯಾವಯ್ಯನನ್ನೊಮ್ಮೆ ನೋಡುತ್ತಾರೆ. ಕೊನೆಗೆ ಮುಖ ತಿರುಗಿಸಿ ಕೂಗುತ್ತಾರೆ, ಮರ ಹತ್ತುತ್ತಾರೆ, ಎಲ್ಲ ಒಳಗೆ ಬನ್ನಿ ಎಂದು. ಎರಡು ಸಲ ಕೂಗುತ್ತಾರೆ. ಹಿತ್ತಲಲ್ಲಿ ಯಾರೂ ಕಾಣುವುದಿಲ್ಲ. ತಡಿಕೆಯ ಮರೆಯಲ್ಲಿ ಬಾವಿಯ ರಾಟೆ ಮಾತ್ರ ಕಿರ್ ಎನ್ನುತ್ತಿದೆ.

“ಆಯ್ತಲ್ಲ, ಹತ್ತಲಿ,” ಎನ್ನುತ್ತಾರೆ ನಂಜಮ್ಮ.

ಮರಕ್ಕೆ ಕೈಯಿಟ್ಟ ಗಂಡನ ಹೆಗಲನ್ನು ಸಣ್ಣಕ್ಕ ಹಿಡಿಯುತ್ತಾಳೆ. ಇರು ಎನ್ನುತ್ತಾಳೆ. ರಾಟೆಯ ಸದ್ದು ನಿಲ್ಲುತ್ತದೆ. ಬಾವಿಯ ತಡಿಕೆ ಸರಿಸಿಕೊಂಡು, ಅಂದು ಚೀರಿದ್ದ ಸೊಸೆ ವಿಜಯಮ್ಮ ಬರುತ್ತಾಳೆ, ನೆನೆದ ಕೂದಲು ಬೆನ್ನ ಮೇಲಿದೆ, ಕೈಯಲ್ಲಿ ಚೊಂಬು. ಜನರನ್ನು ಕಂಡು ಗಕ್ಕನೆ ನಿಲ್ಲುತ್ತಾಳೆ.

“ಇವ್ರು ಯಾವಾಗ ಬಂದ್ರು ಅತ್ತೆ? ಒಂದು ಕೂಗು ಹಾಕೋದಲ್ವಾ?”

“ಕೂಗಿದೆನಲ್ಲೇ.”

“ನಂಗೆ ಕೇಳಿಸ್ಲೇ ಇಲ್ಲ.”

ಸೊಸೆ ಸರಸರನೆ ಒಳಗೆ ಹೋಗುತ್ತಾಳೆ. ನಂಜಮ್ಮ ಸೆರಗು ಸರಿಮಾಡಿಕೊಂಡು, ಆ ರಾಟೆ ಸದ್ದಿನಲ್ಲಿ ಯಾರಿಗೆ ಏನು ಕೇಳುತ್ತದೆ ಎನ್ನುತ್ತಾರೆ, ಯಾರಿಗೆಂದೂ ಅಲ್ಲದೆ.

“ಅವತ್ತೂ ಇದೇ ರಾಟೆ ಇತ್ತಲ್ಲ ಅವ್ವಾರೆ,” ಎನ್ನುತ್ತಾಳೆ ಸಣ್ಣಕ್ಕ.

ದನಿ ಏರಿಸಿದ್ದಲ್ಲ. ಓಣಿಗೆ ಕೇಳುವಂತೆ ಕೂಗಬಲ್ಲವಳು ಈ ಮಾತನ್ನು ಮಾತ್ರ ಕೈಯಳತೆಯಲ್ಲಿ ನಿಂತವರಿಗೆ ಕೇಳುವಷ್ಟೇ ಹೇಳುತ್ತಾಳೆ. ನಂಜಮ್ಮ ಅವಳನ್ನು ನೋಡುತ್ತಾರೆ. ತಿಳಿಯಿತು ಎಂಬುದು ಅವರ ಮುಖದಲ್ಲಿ ಕಾಣುತ್ತದೆ. ಬಾಯಿಗೆ ಬರುವುದಿಲ್ಲ.

“ಬಿಸಿಲೇರುತ್ತೆ. ನಿನ್ನ ಗಂಟಲೇ ದೊಡ್ಡದು, ನೀನೇ ಕೂಗು.”

ದ್ಯಾವಯ್ಯ ಮೊದಲ ಸಲ ತಲೆಯೆತ್ತಿ ಹೆಂಡತಿಯ ಮುಖ ನೋಡುತ್ತಾನೆ. ಹೋಗೋಣ ಎಂದರೆ ಹೊರಟುಬಿಡುವವನಂತೆ ನೋಡುತ್ತಾನೆ. ಈ ಮನೆ ಬಿಟ್ಟರೆ ಬೀದಿ ಮತ್ತೆ ಕೈಬಿಡುತ್ತದೆಂದು ಅವಳಿಗೆ ಗೊತ್ತು. ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಮೂರು ಸಲವೂ ಕೂಗುತ್ತಾಳೆ.

ಅವನು ಇಳಿದು ಬಂದಾಗ ಮೈಯೆಲ್ಲ ಸುಳಿಯ ಕಸ. ಅಂಗೈಯಲ್ಲಿ ಎರಡು ಕಪ್ಪು ದುಂಬಿ ಕಾಲಾಡಿಸುತ್ತಿವೆ. ಮರ ಉಳಿದೀತು ಎಂದು ಹೆಂಡತಿಗೆ ಹೇಳುತ್ತಾನೆ, ಅವಳು ನಂಜಮ್ಮನಿಗೆ ಹೇಳುತ್ತಾಳೆ. ಕೂಲಿಯನ್ನು ನಂಜಮ್ಮ ಒಗೆಯುವ ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಇಬ್ಬರ ಬೊಗಸೆಗೂ ಕುಡಿಯುವ ನೀರನ್ನು ಮುಟ್ಟದಂತೆ ಮೇಲಿನಿಂದ ಹೊಯ್ಯುತ್ತಾರೆ. ಇನ್ನು ಪ್ರತಿ ತಿಂಗಳೂ ಒಂದು ಭಾನುವಾರ ಬಂದು ಎಲ್ಲ ಮರ ನೋಡಬೇಕು, ಬೀದಿಯವರಿಗೂ ಹೇಳುತ್ತೇನೆ ಎನ್ನುತ್ತಾರೆ. ಸಣ್ಣಕ್ಕ ಹೊರಡುವಾಗ ಇನ್ನೊಂದು ಮಾತು ಸೇರಿಸುತ್ತಾರೆ.

“ಆದರೆ ನೀನಿಲ್ಲದೆ ಅವನೊಬ್ಬನ್ನೇ ಕಳಿಸಬೇಡ.”

ಗರಿಗಳನ್ನು ಕಟ್ಟಿ ಎಳೆದುಕೊಂಡು ಸಣ್ಣಕ್ಕ ಮನೆಯ ದಾರಿ ಹಿಡಿಯುತ್ತಾಳೆ. ಗರಿಯ ತುದಿ ನೆಲ ಗೀಚುತ್ತಾ ಬರುತ್ತದೆ. ಮುಂದೆ ದ್ಯಾವಯ್ಯ ಕತ್ತಿ, ಹಗ್ಗ ಹೊತ್ತು ನಡೆದಿದ್ದಾನೆ. ಅಂಗಡಿ ಜಗಲಿಯ ಪೋಲಿ ಹುಡುಗರು ಬಾಯಿಗೆ ಕೈಹಿಡಿದು ಅವಳ ಹಾಗೆಯೇ ಕೂಗಿ ನಗುತ್ತಾರೆ. ಗಂಡಹೆಂಡಿರು ತಿರುಗಿ ನೋಡುವುದಿಲ್ಲ. ಬೀದಿ ಮತ್ತೆ ಸಿಕ್ಕಿದೆ. ಮುಂದಿನ ಶನಿವಾರ ಮರ ಹುಡುಕಿಕೊಂಡು ಅಷ್ಟು ದೂರ ನಡೆಯಬೇಕಾಗಿಲ್ಲ. ದ್ಯಾವಯ್ಯ ಹಾಗೆಂದರೆ ಸಣ್ಣಕ್ಕ ಹೂಂ ಎನ್ನುತ್ತಾಳೆ, ಅಷ್ಟೆ.

ಗುಡಿಸಲ ಮುಂದೆ ಗರಿ ಇಳಿಸಿ, ಬಾಗಿಲ ಕಲ್ಲಿನ ಮೇಲೆ ಕೂತು, ಗಂಟಲು ಸವರಿಕೊಳ್ಳುತ್ತಾಳೆ. ಒಳಗೆ ದ್ಯಾವಯ್ಯ ಕೆಮ್ಮುತ್ತಿದ್ದಾನೆ. ಬೀದಿ ಸಿಕ್ಕಿತಲ್ಲ, ಇನ್ನೇನು ಬೇಕು ಎಂದು ಪಕ್ಕದ ಲಕ್ಕಮ್ಮ ಕೇಳುತ್ತಾಳೆ. ಸಣ್ಣಕ್ಕ ಗರಿಯೊಂದನ್ನು ತೊಡೆಯ ಮೇಲೆಳೆದುಕೊಂಡು ಸೀಳುತ್ತಾ ಕೂರುತ್ತಾಳೆ.

“ಅವತ್ತು ಅವ ಕೂಗಿದ್ದು ನಂಗೂ ಕೇಳಿಸ್ನಿಲ್ಲ. ನಾ ಗದ್ದೇಲಿದ್ದೆ. ಆದ್ರೂ ನಂಬ್ದೆ,” ಎನ್ನುತ್ತಾಳೆ. “ಒಂದು ಭಾನ್ವಾರ ಅವ್ನೇ ಕೂಗ್ಲಿ. ಜನ ಅವನ ಮಾತ್ಗೆ ಒಳೀಕೋಗ್ಲಿ. ನಾನು ಇಲ್ಲೇ ಕುಂತ್ಕಂಡು ಕೇಳಿಸ್ಕತೀನಿ.”