ಮರಗಸಿ ರಂಗಯ್ಯನಿಗೆ ನಾಲ್ಕು ಸಾಲು

೧೯೯೮ರಲ್ಲಿ ನಾನು ಯಸಳೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ವಾರಪತ್ರಿಕೆಗಳಲ್ಲಿ ಆಗಾಗ ನನ್ನ ಕವಿತೆ ಅಚ್ಚಾಗುತ್ತಿತ್ತು. ಹಾಗಾಗಿ ಲಗ್ನಪತ್ರಿಕೆಯ ಸಾಲುಗಳಿಗೂ ಬೀಳ್ಕೊಡುಗೆಯ ಮಾನಪತ್ರಕ್ಕೂ ಸುತ್ತಲಿನವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಪ್ರಾಸ ಸಲೀಸಾಗಿ ಬರುತ್ತಿತ್ತು. ಕೇಳಿದ ಮರುದಿನವೇ ಬರೆದು ಕೊಡುತ್ತಿದ್ದೆ.

ಡಿಸೆಂಬರಿನ ಒಂದು ಮಧ್ಯಾಹ್ನ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಿದ್ದ ಪುಟ್ಟಮ್ಮ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. ಅವರ ಗಂಡ ರಂಗಯ್ಯ ಕಾಮಾಲೆಯಿಂದ ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ಆತ ಮಾಡುತ್ತಿದ್ದದ್ದು ಮರಗಸಿ. ಕಾಫಿ ಗಿಡಕ್ಕೆ ಬೇಕಾದಷ್ಟು ಬೆಳಕು ಬೀಳಲೆಂದು ನೆರಳಿನ ಮರಗಳನ್ನು ಹತ್ತಿ ಕೊಂಬೆ ಕಡಿಯುವ ಕೆಲಸ.

"ಫೋಟೋಗೆ ಕಟ್ಟು ಹಾಕಿಸ್ತಾ ಇವ್ನಿ ಮೇಷ್ಟ್ರೆ. ಕೆಳಗೆ ನಾಲ್ಕು ಸಾಲು ಬರ್ಕೊಡಿ. ನಂಗೆ ಓದಕ್ಕೆ ಬರಲ್ಲ, ತಿಥಿಗೆ ಬಂದೋರು ಓದ್ಲಿ," ಎಂದರು.

ಮರುದಿನ ಬರೆದದ್ದನ್ನು ಓದಿ ಹೇಳಿದೆ. ಆರಿದ ದೀಪ, ಬಾಡಿದ ಹೂವು, ಮುಳುಗಿದ ಸೂರ್ಯ ಎಲ್ಲವೂ ಅದರಲ್ಲಿದ್ದವು. ಪುಟ್ಟಮ್ಮ ಕೈಕಟ್ಟಿ ನಿಂತು ಪೂರ್ತಿ ಕೇಳಿದರು.

"ಚೆನ್ನಾಗೈತೆ. ಆದ್ರೆ ಇದ್ರಲ್ಲಿ ನಮ್ಮನೆಯೋರು ಎಲ್ಲವ್ರೆ? ಇದನ್ನ ಯಾರ್ ಸತ್ರೂ ಓದ್ಬೋದಲ್ವಾ?"

ನನಗೆ ಸಿಟ್ಟು ಬಂತು. ಪತ್ರಿಕೆಯ ಸಂಪಾದಕರು ಎತ್ತದ ತಕರಾರನ್ನು ಅಕ್ಷರ ಬಾರದ ಹೆಂಗಸು ಎತ್ತಿದ್ದರು. ಆ ವಾರ ಮೂರು ಸಲ ತಿದ್ದಿದೆ. ಪದಗಳು ಬದಲಾದವೇ ಹೊರತು ರಂಗಯ್ಯ ಬರಲಿಲ್ಲ. ಆತನನ್ನು ನಾನು ಕಂಡೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ, ಕೂಲಿಯವರ ಮನೆಗಳಿರುವ ಲೈನಿಗೆ ಹೋದೆ. ಪುಟ್ಟಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ನಾನೂ ಕೂತು ಬಿಡಿಸತೊಡಗಿದೆ. ತುಂಬ ಹೊತ್ತಿನ ಮೇಲೆ ಅವರೇ ಮಾತು ತೆಗೆದರು.

"ಕೊಂಬೆ ಕಡಿಯೋಕ್ ಮುಂಚೆ, 'ಕೆಳಗೆ ಯಾರವ್ರೆ?' ಅಂತ ಮೂರು ಸಲ ಕೂಗೋರು. ಯಾರೂ ಇಲ್ದಿದ್ರೂ ಕೂಗೋರು. ನಾನು ಆಡ್ಕೊಂಡು ನಗ್ತಿದ್ದೆ."

ಅಲ್ಲಿಯೇ ಚೀಟಿಯ ಮೇಲೆ ಬರೆದು ಓದಿದೆ:

ಕೊಂಬೆ ಕಡಿವ ಮುನ್ನ ಮೂರು ಸಲ ಕೂಗುತ್ತಿದ್ದಿರಿ,
ಕೆಳಗೆ ಯಾರಿದ್ದೀರಿ ಎಂದು.
ನಾನಿದ್ದೇನೆ ಕೆಳಗೆ.
ಮರದ ಮೇಲಿಂದ ಕೂಗು ಬರುತ್ತಿಲ್ಲ.
ಕಣ್ಣೀರೊಂದೇ ನನಗಿನ್ನು ಸಂಗಾತಿ.

ಪುಟ್ಟಮ್ಮನ ಕೈ ನಿಂತಿತು. "ಆ ಕೊನೇದು ತೆಗೆದ್ಬುಡಿ ಮೇಷ್ಟ್ರೆ. ಅಳೋದನ್ನ ನಾನು ಅಳ್ತೀನಿ," ಎಂದರು.

ತೆಗೆದೆ. ನಾಲ್ಕೇ ಉಳಿದವು.

ತಿಥಿಯ ದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಫೋಟೋದ ಮುಂದೆ ನಿಂತು ಆ ಸಾಲುಗಳನ್ನು ಗಟ್ಟಿಯಾಗಿ ಓದಿದರು. ರಂಗಯ್ಯನ ಜೊತೆ ಮರ ಹತ್ತುತ್ತಿದ್ದ ಮುದುಕರೊಬ್ಬರು ಟವೆಲಿನಿಂದ ಮುಖ ಒರೆಸಿಕೊಂಡು, "ಹೂಂ ಕಣ್ರೀ, ಅವ್ನೇ," ಎಂದರು. ನನ್ನ ಯಾವ ಕವಿತೆಗೂ ಅಂಥ ವಿಮರ್ಶೆ ಸಿಕ್ಕಿರಲಿಲ್ಲ.

ಆಮೇಲೆ ಹದಿನಾಲ್ಕು ವರ್ಷ ಪದ್ಯಪಾಠ ಮಾಡಿದೆ. ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಮಕ್ಕಳು ಕೇಳಿದಾಗಲೆಲ್ಲ ಒಂದೇ ಉತ್ತರ ಕೊಡುತ್ತಿದ್ದೆ: ಯಾರ ಬಗ್ಗೆ ಬರೆಯಬೇಕೋ ಅವರ ಮನೆಗೆ ಹೋಗಿ, ಅವರ ಕೆಲಸಕ್ಕೆ ಕೈ ಹಚ್ಚಿ, ಅವರಾಗಿಯೇ ಮಾತಾಡುವ ತನಕ ಬಾಯಿ ಮುಚ್ಚಿಕೊಂಡು ಕೂತಿರಿ.