ಟೋಪಿ ತೆಗೆಯದ ಧಣಿ

ನಮ್ಮ ಧಣಿ ಸರ್ ಜರ್ವಾಸ್ ಹಿಂಡ್ಲೋ ಅವರ ಟೋಪಿಯ ಧೂಳನ್ನು ಇಪ್ಪತ್ತು ವರ್ಷ ಕೊಡವಿದವಳು ನಾನು, ಮನೆಗೆಲಸದ ಡಾರ್ಕಸ್. ಅಪ್ಪನಿಂದ ಅವರಿಗೆ ಬ್ಯಾರನೆಟ್ ಪದವಿ ಬಂತು, ಪಾರ್ಲಿಮೆಂಟಿನ ಜಾಗವೂ ಬಂತು. ಗುಂಡಿಗೆ ಮಾತ್ರ ಬರಲಿಲ್ಲ.

ಪಾರ್ಲಿಮೆಂಟಿನಲ್ಲಿ ಎಲ್ಲರೂ ಟೋಪಿ ಹಾಕಿಕೊಂಡೇ ಕೂರುತ್ತಾರೆ. ಮಾತಾಡುವವನು ಮಾತ್ರ ಅದನ್ನು ತೆಗೆದು ಎದ್ದು ನಿಲ್ಲಬೇಕು. ಆಗ ನಮ್ಮ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ. ಯಾರ ಪರ ಮಾತಾಡಿದರೂ ಇನ್ನೊಬ್ಬರ ಕತ್ತಿಗೆ ಕುತ್ತಿಗೆ ಕೊಟ್ಟಂತೆ. ಧಣಿ ಟೋಪಿ ತೆಗೆಯಲೇ ಇಲ್ಲ.

ಒಂದು ದಿನ ಸೆಕೆ ತಾಳಲಾರದೆ, ಬೆವರು ಒರೆಸಲೆಂದು ತೆಗೆದರಂತೆ. ಮಾತಾಡುತ್ತಾರೆಂದುಕೊಂಡು ಸಭಾಧ್ಯಕ್ಷರು ಹೆಸರು ಕರೆದೇಬಿಟ್ಟರು. ಸಭೆಗೆ ಸಭೆಯೇ ಇವರತ್ತ ತಿರುಗಿತು.

ಮನೆಗೆ ಬಂದವರೇ ಬಾಗಿಲಿಗೆ ಅಗುಳಿ ಹಾಕಿದರು.

“ಏನಂದ್ರಿ ಧಣಿ?” ಎಂದೆ.

“ಕಿಟಕಿ ತೆಗೀರಿ ಅಂದೆ ಕಣೇ. ಎರಡೂ ಕಡೆಯೋರು ಅದನ್ನೂ ಬರ್ಕೊಂಡ್ರು!”

ಅಂದಿನಿಂದ ಬೀದಿಯಲ್ಲಿ ಕುದುರೆ ನಿಂತರೆ ಸಾಕು, ಧಣಿ ಊಟ ಬಿಟ್ಟು ಏಳುತ್ತಿದ್ದರು. ಯಾರೂ ಹಿಡಿಯಲು ಬರಲಿಲ್ಲ. ಕೊನೆಗೆ ಬಂದದ್ದು ಜ್ವರ.

ಸಾಯುವ ಗಳಿಗೆಯಲ್ಲಿ ಪಾದ್ರಿ, “ಪ್ರಾರ್ಥನೆ ಮಾಡ್ಬೇಕು, ಆ ಟೋಪಿ ತೆಗಿಯಮ್ಮ” ಎಂದರು. ಧಣಿ ಮಲಗುವಾಗ ಹಾಕಿಕೊಳ್ಳುವ ಟೋಪಿ ಅದು; ಅದಕ್ಕೆ ಕೈಯಿಟ್ಟೆ. ಧಣಿ ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡರು.

“ಬೇಡ ಡಾರ್ಕಸ್, ತೆಗೀಬೇಡ. ಅಲ್ಲೂ ನನ್ನ ಹೆಸರು ಕರೀತಾರೆ.”